ಎರಡು ನಿಮಿಷದ ಲೆಕ್ಕ

ನಾರಾಯಣಪೇಟೆ ಜಿಲ್ಲೆಯ ನಮ್ಮ ಉಟ್ಕೂರಿನ ಕಡೆ ಎರಡು ನಿಮಿಷದ ಮೌನ ಪೂರ್ತಿ ಎರಡು ನಿಮಿಷ ನಡೆದದ್ದನ್ನು ನಾನಂತೂ ಕಂಡಿಲ್ಲ. ಮೈಕು ಹಿಡಿದವರು ಮೊದಲು ತೆಲುಗಿನಲ್ಲಿ ಹೇಳಬೇಕು. ಹಿಂದೆ ಕೂತ ಹಿರಿಯರಿಗೆಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಬೇಕು. ನಾಲ್ಕು ಮಾತು ಉರ್ದುವಿನಲ್ಲೂ ಆಗದಿದ್ದರೆ ಯಾರಿಗೋ ಬೇಜಾರು. ಇಷ್ಟು ಆಗುವ ಹೊತ್ತಿಗೇ ಎರಡು ನಿಮಿಷ ದಾಟಿರುತ್ತದೆ. ಆಮೇಲೆ ಎಲ್ಲರೂ ಏಳಬೇಕು, ಕುರ್ಚಿಗಳ ಕಿರುಗುಟ್ಟುವಿಕೆ ನಿಲ್ಲಬೇಕು. ಅಷ್ಟರಲ್ಲಿ ಯಾರದೋ ಕಿಸೆಯಲ್ಲಿ ಮೊಬೈಲು ಹಾಡತೊಡಗುತ್ತದೆ. ಅವರು ಅದನ್ನು ಬಂದ್ ಮಾಡುವುದಿಲ್ಲ, ಕಿವಿಗಿಟ್ಟುಕೊಂಡು, "ಮೌನದಾಗ ನಿಂತೀನಿ, ಆಮ್ಯಾಲ ಮಾತಾಡ್ತೀನಿ ಇಡು" ಅನ್ನುತ್ತಾರೆ.

ಗಡಿಯಾರ ನೋಡುವವರು ಯಾರು ಎಂಬುದೂ ಒಂದು ತಕರಾರೇ. ತಲೆ ತಗ್ಗಿಸಿ ನಿಂತವನು ಮುಂಗೈ ಎತ್ತಿ ನೋಡಿಕೊಂಡರೆ ಅಸಭ್ಯ. ಹಾಗಾಗಿ ಮನಸ್ಸಿನಲ್ಲೇ ಎಣಿಸುತ್ತಾರೆ, ಎಣಿಕೆಗೆ ಆತುರ ಹೆಚ್ಚು. ಜನವರಿ 30ರ ಹುತಾತ್ಮರ ದಿನಕ್ಕೆ ಸರ್ಕಾರದ ಕ್ರಮ ಚೊಕ್ಕವಾಗಿದೆ: 10.59ಕ್ಕೆ ಸೈರನ್, 11ರಿಂದ 11.02ರವರೆಗೆ ಮೌನ, ಮುಗಿಯಿತೆಂದು ಮತ್ತೊಂದು ಸೈರನ್. ಸೈರನ್ನೇ ಇಲ್ಲದ ಊರಲ್ಲಿ ಯಾರೋ ಒಬ್ಬರು ಗಂಟಲು ಸರಿಮಾಡಿಕೊಳ್ಳುವುದೇ ಸೈರನ್ನು.

ಈ ಎರಡು ನಿಮಿಷ ಹುಟ್ಟಿದ ಊರು ಕೇಪ್‌ಟೌನ್. 1918ರ ಮೇ ತಿಂಗಳಲ್ಲಿ ಅಲ್ಲಿನ ಮೇಯರ್ ಹ್ಯಾರಿ ಹ್ಯಾಂಡ್ಸ್, ನಡುಹಗಲಿನ ತೋಪು ಹಾರಿದೊಡನೆ ಊರೆಲ್ಲ ನಿಂತಲ್ಲೇ ನಿಲ್ಲಬೇಕೆಂದು ಏರ್ಪಾಡು ಮಾಡಿದ. ಅವನ ಮಗನೂ ಯುದ್ಧಕ್ಕೆ ಬಲಿಯಾಗಿದ್ದ. ಮೊದಲ ದಿನ ಮೂರು ನಿಮಿಷ ನಿಂತರು, ಅದು ಜಾಸ್ತಿಯಾಯಿತೆಂದು ಎರಡಕ್ಕಿಳಿಸಿದರು. ಅಂದರೆ ನಿಂತು ನಿಂತು ಚಡಪಡಿಸುವುದು ನಮ್ಮೂರವರ ಗುಣವಷ್ಟೇ ಅಲ್ಲ! ಮರುವರ್ಷ ಪರ್ಸಿ ಫಿಟ್ಜ್‌ಪ್ಯಾಟ್ರಿಕ್ ಎಂಬುವನು ಲಂಡನ್ನಿಗೆ ಬರೆದ ಮೇಲೆ, ಐದನೇ ಜಾರ್ಜ್ ದೊರೆ 1919ರ ನವೆಂಬರ್ 11ರಂದು ಇಡೀ ಸಾಮ್ರಾಜ್ಯವೇ ಮೌನವಾಗಿರಲೆಂದು ಕೇಳಿಕೊಂಡ. ನನಗೆ ಹಿಡಿಸಿದ್ದು ಕೇಪ್‌ಟೌನಿನವರು ಹಾಕಿಕೊಂಡಿದ್ದ ಲೆಕ್ಕ. ಒಂದು ನಿಮಿಷ ಮಡಿದವರಿಗೆ, ಇನ್ನೊಂದು ನಿಮಿಷ ಬದುಕಿ ಬಂದವರಿಗೆ. ಆ ಎರಡನೆಯ ಪಾಲು ಸಮುದ್ರ ದಾಟಿ ಬರುವಾಗ ಎಲ್ಲೋ ಬಿದ್ದುಹೋಗಿದೆ.

ನಮ್ಮವರಿಗೆ ಸತ್ತ ವೀರರ ಮುಂದೆ ಸುಮ್ಮನೆ ನಿಲ್ಲುವ ರೂಢಿಯೇ ಇರಲಿಲ್ಲ. ಕಲ್ಲು ನಿಲ್ಲಿಸುತ್ತಿದ್ದರು, ಎಣ್ಣೆ ಎರೆಯುತ್ತಿದ್ದರು. ವೀರಗಲ್ಲನ್ನು ಹತ್ತಿರ ಹೋಗಿ ನೋಡಿ: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತದ್ದು, ನೆತ್ತಿಯಲ್ಲಿ ಸೂರ್ಯ ಚಂದ್ರ. ಬೆಂಗಳೂರೆಂಬ ಹೆಸರು ಮೊದಲು ಕಾಣಿಸುವುದೂ ಬೇಗೂರಿನಲ್ಲಿ ಸುಮಾರು 890ರಲ್ಲಿ ಕೆತ್ತಿಸಿದ, ಕಾಳಗದಲ್ಲಿ ಮಡಿದವನ ಕಲ್ಲಿನಲ್ಲೇ. ಇನ್ನು ಮೊಹರಂ ಬಂದರೆ ನಮ್ಮ ಸೀಮೆಯಲ್ಲಿ 680ರಲ್ಲಿ ಕರ್ಬಲಾದಲ್ಲಿ ಬಿದ್ದವರಿಗೆ ಹಲಗೆ ಬಡಿದು, ಅಲಾಯಿ ಗುಂಡಿಯ ಸುತ್ತ ಹೆಜ್ಜೆ ಹಾಕಿ, ಪದ ಹೇಳುತ್ತಾರೆ. ಜಾತಿ ಮತ ಕೇಳುವವರಿಲ್ಲ. ಗದ್ದಲದಲ್ಲಿ ನೆನೆಯುವುದೇ ನಮಗೆ ಸಲೀಸು.

ನಮ್ಮ ಓಣಿಯಲ್ಲೊಬ್ಬರು ಮಿಲ್ಟ್ರಿ ಕಾಕಾ ಇದ್ದಾರೆ. ಪಿಂಚಣಿ ಬಂದು ಎಷ್ಟೋ ವರ್ಷವಾದರೂ ಆ ಹೆಸರು ಬಿಟ್ಟಿಲ್ಲ. ದಿಲ್ಲಿಯ ತೀನ್ ಮೂರ್ತಿಯ ಸುದ್ದಿ ನಾನು ಮೊದಲು ಕೇಳಿದ್ದು ಅವರಿಂದಲೇ. "ಮೂರು ಮಂದಿ ನಿಂತಾರ ತಮ್ಮಾ, ಅದರಾಗ ಒಬ್ಬಾವ ನಮ್ಮಾವ." ಅವರು ಹೇಳಿದ್ದು ನಿಜ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಜೋಧಪುರ, ಮೈಸೂರು, ಹೈದರಾಬಾದ್ ಲ್ಯಾನ್ಸರ್‌ಗಳ ನೆನಪಿಗೆ 1922ರಲ್ಲಿ ನಿಲ್ಲಿಸಿದ ಮೂರ್ತಿಗಳು ಅವು. 1918ರ ಸೆಪ್ಟೆಂಬರ್ 23ರಂದು ಜೋಧಪುರ, ಮೈಸೂರಿನ ಕುದುರೆಗಳು ಹೈಫಾ ಊರಿಗೆ ನುಗ್ಗಿದವು. ಆಗ ಉಟ್ಕೂರು ನಿಜಾಮರ ರಾಜ್ಯದಲ್ಲಿತ್ತು. ಕಾಕಾ ಅವರ 'ನಮ್ಮಾವ' ಮೂರರಲ್ಲಿ ಯಾರೆಂದು ನಾನು ಕೇಳಲಿಲ್ಲ. ನಿಜಾಮರ ನೆಲದಲ್ಲಿ ಹುಟ್ಟಿ ಕನ್ನಡ ಆಡುವವರಿಗೆ ಇಬ್ಬರ ಮೇಲೂ ಹಕ್ಕಿದೆ.

ಬದುಕಿರುವ ಸೈನಿಕನನ್ನು ದೇಶ ನೆನೆದದ್ದು ನಾನು ಕಂಡಂತೆ 2016ರ ಫೆಬ್ರುವರಿಯಲ್ಲಿ. ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಆರು ದಿನಗಳ ಮೇಲೆ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಉಸಿರಾಡುತ್ತ ಸಿಕ್ಕರು. ಗುಡಿ, ದರ್ಗಾ, ಶಾಲೆ, ಎಲ್ಲೆಡೆ ಅವರ ಹೆಸರಿನಲ್ಲಿ ಹರಕೆ. ಫೆಬ್ರುವರಿ 11ರಂದು ಅವರು ತೀರಿಕೊಂಡರು, ನಾವು ಮತ್ತೆ ನಮಗೆ ಗೊತ್ತಿದ್ದ ಮೌನಕ್ಕೇ ಮರಳಿದೆವು. 2019ರಲ್ಲಂತೂ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಜವಾನರು ಹೋದರು. ಮೂರೇ ದಿನಕ್ಕೆ, 17ರಂದು, ನಮ್ಮ ನಾರಾಯಣಪೇಟೆ ಜಿಲ್ಲೆ ಹುಟ್ಟಿತು. ಪಟಾಕಿಗೂ ಮೊಂಬತ್ತಿಗೂ ಒಂದೇ ವಾರ.

ಬದುಕಿ ಬಂದವರನ್ನು ಸರ್ಕಾರ ಮಾತ್ರ ಮರೆತಿಲ್ಲ ಎನ್ನಬೇಕು. ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಅದೇ ನವೆಂಬರ್, ಅದೇ 11ನೇ ತಾರೀಕಿನ ಆಸುಪಾಸು! ಕಾಕಾನ ಜೊತೆ ನಾನೂ ಆನ್‌ಲೈನ್ ಅಂಗಡಿಗೆ ಹೋಗಿದ್ದೆ. ಹತ್ತಿ ಬಿಡಿಸಿ, ಜೋಳ ಕೊಯ್ದು ಅವರ ಹೆಬ್ಬೆರಳಿನ ಗೆರೆಗಳು ಸವೆದಿವೆ. ಹುಡುಗ ಒರೆಸಿದ, ಒತ್ತಿದ, ಮತ್ತೆ ಒರೆಸಿದ.

"ಕಾಕಾ, ಮಿಷನ್ನು ತಗೊಳವಲ್ದು."

"ಹಂಗಾದ್ರ ನಾ ಇಲ್ಲಪ ಅಂತ ಬರದ್ಬಿಡು. ಪಗಾರಿಲ್ಲದಿದ್ರೂ ಒಂದು ಹಾರ ಬರ್ತದ."

ಕೊನೆಗೆ ಮುಖ ತೋರಿಸುವ ಉಪಾಯ ಬಂತು. ಹುಡುಗ ಫೋನು ಎತ್ತಿ ಹಿಡಿದ. ಕಾಕಾ ಎದ್ದರು, ಹಿಮ್ಮಡಿ ಜೋಡಿಸಿದರು, ಎದೆ ಸೆಟೆಸಿ ಸಾವಧಾನ್ ನಿಂತರು. ರೆಪ್ಪೆ ಅಲುಗಲಿಲ್ಲ. ಫೋನು ಒಪ್ಪಲಿಲ್ಲ.

"ಕಣ್ಣು ಪಿಳುಕಿಸ್ಬೇಕು ಕಾಕಾ. ಇಲ್ಲಂದ್ರ ಫೋಟೋ ಅಂತ ತಿಳೀತದ ಅದು."

"ಪರೇಡಿನಾಗ ಪಿಳುಕಿಸಿದ್ರ ಬೈತಿದ್ರಲ್ಲೋ!"

ಒಮ್ಮೆ ಪಿಳುಕಿಸಿದರು. ಆಯಿತು. ಹುಡುಗ ಐವತ್ತು ರೂಪಾಯಿ ಕೇಳಿದ, ಕಾಕಾ ಮೂವತ್ತಕ್ಕೆ ಜಗ್ಗಿದರು.