ಹಂಪೆಯ ತೇರುಬೀದಿಯಲ್ಲಿ

ಹಂಪೆಯಲ್ಲಿ ವಿರೂಪಾಕ್ಷಸ್ವಾಮಿಯ ದರ್ಶನವನ್ನು ಮುಗಿಸಿ ಮಹಾಗೋಪುರದಿಂದ ಹೊರಕ್ಕೆ ಬಂದರೆ, ಮತಂಗಪರ್ವತದ ಬುಡದ ದೊಡ್ಡ ಬಸವಣ್ಣನವರೆಗೂ ನೇರವಾಗಿ ಚಾಚಿದ ತೇರುಬೀದಿಯು ಕಾಣುತ್ತದೆ. ಎರಡು ಪಕ್ಕಗಳಲ್ಲಿಯೂ ಕಲ್ಲುಕಂಬಗಳ ಮಂಟಪಗಳು ಸಾಲುಗೊಂಡಿವೆ. ಅವುಗಳಲ್ಲಿ ಈಗ ಒಲೆಯ ಹೊಗೆಯಿಲ್ಲ, ತೊಟ್ಟಿಲಿನ ಸದ್ದಿಲ್ಲ.

1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನೂ ಅಂಗಡಿಯಿಟ್ಟಿದ್ದವರನ್ನೂ 2011ರ ಜುಲೈ ತಿಂಗಳಲ್ಲಿ ಸರ್ಕಾರದವರು ಎಬ್ಬಿಸಿದರು. ಕಂಬಗಳ ನಡುವೆ ಗೋಡೆ ಕಟ್ಟಿ ಪ್ರಾಚೀನ ಶಿಲ್ಪವನ್ನು ಕೆಡಿಸಿದ್ದುದು ದಿಟ. ಮನೆ ಕಳೆದುಕೊಂಡವರ ಕಣ್ಣೀರೂ ದಿಟವೇ.

ಚುನಾವಣೆಯ ಕಾಲದಲ್ಲಿ ಉಮೇದುವಾರರು ಇಂತಹ ಊರಿಗೆ ಬಂದಾಗ ಒಬ್ಬರು ಕಲ್ಲಿನ ಪಕ್ಷವನ್ನೂ ಮತ್ತೊಬ್ಬರು ಜನರ ಪಕ್ಷವನ್ನೂ ಹಿಡಿದು ಮಾತನಾಡುವುದು ಸುಲಭ. ಆದರೆ ಸಂರಕ್ಷಿತ ಸ್ಮಾರಕಕ್ಕೆ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದೆಂದೂ, ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆ ಬೇಕೆಂದೂ 2010ರಲ್ಲಿ ವಿಧಿಸಿದುದು ಪಾರ್ಲಿಮೆಂಟಿನ ಶಾಸನ. ಅದನ್ನು ಸಡಿಲಿಸುವೆನೆಂದು ಪಂಚಾಯಿತಿಯ ಉಮೇದುವಾರನು ಕೊಡುವ ಮಾತು ನೀರಿನ ಮೇಲಣ ಬರಹ.

ಆದುದರಿಂದ ಗೃಹಸ್ಥರು ಓಟು ಬೇಡಲು ಬಂದವರನ್ನು ಎರಡು ಪ್ರಶ್ನೆ ಕೇಳಬೇಕು: ಸ್ಮಾರಕದ ದುರಸ್ತಿಗೆ ಹಣವೆಲ್ಲಿ? ಎಬ್ಬಿಸಬೇಕಾದವರಿಗೆ, ಎಬ್ಬಿಸುವ ಮೊದಲೇ, ನೆಲೆಯೆಲ್ಲಿ? ಎರಡಕ್ಕೂ ಉತ್ತರವುಳ್ಳವನೇ ಹಂಪೆಯನ್ನು ಕಾಯಬಲ್ಲವನು.