ಮೊದಲು ಕಿವಿಗೆ

ಫೆಬ್ರುವರಿ 3, ಸೋಮವಾರ. ಎಡಿಸನ್, ನ್ಯೂಜೆರ್ಸಿ
ಕ್ಲಿನಿಕ್ಕಿನಲ್ಲಿ ಹೆಸರು ಹೇಳಿದೆ. ಬರೆದುಕೊಂಡದ್ದು ‘ಬದ್ಮಾ’. ಜೋರಾಗಿ ಹೇಳಿದೆ. ಮತ್ತೂ ಬದ್ಮಾ. ಅರವತ್ತು ದಾಟಿದ ಮೇಲೆ ಸ್ವಂತ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುವಾಗ ಅಳು ಬಂತು.

ಫೆಬ್ರುವರಿ 6, ಗುರುವಾರ, ರಾತ್ರಿ
ಲೈಬ್ರರಿಯ ಇಂಗ್ಲಿಷ್ ತರಗತಿ. ಮೇಡಂ ತುಟಿಯ ಮುಂದೆ ಟಿಶ್ಯೂ ಹಿಡಿದು ‘ಪಿನ್’ ಅಂದರು. ಹಾರಿತು. ‘ಸ್ಪಿನ್’ ಅಂದರು. ಅಲ್ಲಾಡಲಿಲ್ಲ. ನಾನು ಹೇಳಿದಾಗ ಎರಡಕ್ಕೂ ಅಲ್ಲಾಡಲಿಲ್ಲ. ಪದದ ಮೊದಲಿಗೆ ಬರುವ ಪಕಾರಕ್ಕೆ ಇವರು ಉಸಿರು ಸೇರಿಸುತ್ತಾರೆ. ಉಸಿರಿಲ್ಲದಿದ್ದರೆ ಇವರ ಕಿವಿಗೆ ಅದು ಬ. ತುಟಿ ತೆರೆದದ್ದಕ್ಕೂ ಗಂಟಲು ನಡುಗುವುದಕ್ಕೂ ನಡುವಿನ ಅಂತರವನ್ನು 1964ರಲ್ಲೇ ಅಳೆದು ಬರೆದಿದ್ದಾರೆ: ಲೀ ಲಿಸ್ಕರ್, ಆರ್ಥರ್ ಏಬ್ರಮ್‌ಸನ್, ಆಗ ನ್ಯೂಯಾರ್ಕಿನಲ್ಲೇ ಇದ್ದ ಹ್ಯಾಸ್ಕಿನ್ಸ್ ಪ್ರಯೋಗಾಲಯದವರು. 11 ಭಾಷೆ. ತಮಿಳು, ಮರಾಠಿ, ಹಿಂದಿ ಇವೆ. ಕನ್ನಡ ಇಲ್ಲ. ಆದರೂ ಮನಸ್ಸು ಹಗುರಾಯಿತು.

ಫೆಬ್ರುವರಿ 9, ಭಾನುವಾರ
ಸೊಸೆ ಕನ್ನಡ ಕಲಿಯಲು ಕೂತಳು. ಹಾಲು, ಹಾಳು. ಹುಲಿ, ಹುಳಿ. “ಅಮ್ಮ, ಎರಡೂ ಒಂದೇ ಅಲ್ವಾ?” ಅಜಗಜಾಂತರ, ಇವಳಿಗೆ ಕೇಳಿಸುವುದೇ ಇಲ್ಲ!
ಆಮೇಲೆ ಅವಳು ‘ವೆಸ್ಟ್’ ಎಂದು ಎರಡು ಥರ ಹೇಳಿದಳು. ಒಂದು ದಿಕ್ಕು, ಒಂದು ಉಡುಪು. ಉಡುಪಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ದಿಕ್ಕಿಗೆ ತುಟಿ ದುಂಡಗಾಗಬೇಕು. ಕಣ್ಣಿಗೆ ಕಂಡಿತು. ಕಿವಿಗೆ ಎರಡೂ ಒಂದೇ ವ.

ಫೆಬ್ರುವರಿ 20, ಗುರುವಾರ
ತರಗತಿಯಲ್ಲಿ ಕೊರಿಯಾದವರು, ಈಕ್ವೆಡಾರಿನವರು. ಒಬ್ಬೊಬ್ಬರ ಕಿವಿ ಒಂದೊಂದು ಕಡೆ ಮಂದ. ಜಪಾನಿನವರಿಗೆ ಇಂಗ್ಲಿಷಿನ ರ, ಲ ಬೇರೆ ಮಾಡಿ ಕೇಳಲು ಕಲಿಸಿದಾಗ, ಹಲವರ ದನಿಗಳಲ್ಲಿ ಕೇಳಿಸಿದ್ದು ಫಲ ಕೊಟ್ಟಿತಂತೆ. ಮನೆಗೆ ಬಂದವಳೇ ವಾಟ್ಸಾಪಿನಲ್ಲಿ ಎಲ್ಲರಿಗೂ ಹೇಳಿದೆ. ಮೈಸೂರಿನ ತಂಗಿ, ಧಾರವಾಡದ ಭಾವ, ಕುಂದಾಪುರದ ಗೆಳತಿ: ಹಾಲು, ಹಾಳು ಅಂತ ಹೇಳಿ ಕಳಿಸಿದರು.
ನನ್ನ ಹೆಸರಿಗೆ ಇನ್ನು ಉಸಿರು ಸೇರಿಸಿ ಹೇಳಬೇಕೆ? ಅಪ್ಪ ಕರೆಯುತ್ತಿದ್ದದ್ದು ಹಾಗಲ್ಲ. ಗೊತ್ತಾಗುತ್ತಿಲ್ಲ.

ಮಾರ್ಚ್ 2, ಭಾನುವಾರ
ಸೊಸೆ ಕಣ್ಣು ಮುಚ್ಚಿ ಕೂತಳು. ಊರಿನ ದನಿಗಳನ್ನು ಹಾಕಿದೆ. ಯಾವುದು ಲ, ಯಾವುದು ಳ, ಬಹುಪಾಲು ಸರಿಯಾಗಿ ಹೇಳಿದಳು. ಖುಷಿಗೆ ಇಬ್ಬರೂ ಚಪ್ಪಾಳೆ ತಟ್ಟಿದೆವು. ಬಾಯಲ್ಲಿ ಮಾತ್ರ ಇನ್ನೂ ಲ. ಬರಲಿ, ನಿಧಾನವಾಗಿ ಬರಲಿ. ದೊಡ್ಡವರಾದ ಮೇಲೆ ಭಾಷೆ ಕಲಿಯುವವರ ನಾಲಿಗೆ ತಿದ್ದುವ ಮೊದಲು ಅವರ ಕಿವಿಗೆ ಕೆಲಸ ಕೊಡಬೇಕು.