ಪಂಚಭೇದದ ಹುಡುಗ ಶಿರಹಟ್ಟಿ ದಾರಿಯಲ್ಲಿ

ಹುಬ್ಬಳ್ಳಿ ಬಿಟ್ಟು ಕುಂದಗೋಳದ ಕಡೆ ಬಸ್ಸು ಹೊರಳಿತೋ ಇಲ್ಲವೋ, ನೆಲ ಕಪ್ಪಾಗುತ್ತದೆ. ಎರೆಹೊಲ. ಕಣ್ಣು ಹೋದಷ್ಟು ದೂರ ಹತ್ತಿ, ಮೆಣಸಿನಗಿಡ, ಮತ್ತೆ ಹತ್ತಿ. ಮೈಸೂರಿನ ಅಗ್ರಹಾರದ ಸಂದಿಯಲ್ಲಿ ಬೆಳೆದ ನನಗೆ ಇಷ್ಟು ದೊಡ್ಡ ಆಕಾಶದ ರೂಢಿಯೇ ಇಲ್ಲ; ಕಿಟಕಿಗೆ ಹಣೆ ಹಚ್ಚಿ ಕೂತೆ. ಪಕ್ಕದ ಸೀಟಿನ ಹಿರಿಯರು "ಎಲ್ಲಿಗೆ ಹೊಂಟೀರಿ?" ಎಂದರು. ಶಿಶುನಾಳಕ್ಕೆ ಎಂದೆ. "ಹಂಗಾರ ಅಜ್ಜನ ಕಡೆ ಅನ್ರಿ" ಎಂದು ಎಲೆ ಅಡಿಕೆ ಚೀಲ ಬಿಚ್ಚಿದರು. ಯಾವ ಜನ ಎಂಬ ಮುಂದಿನ ಪ್ರಶ್ನೆಗೆ ನಾನು ಸಿದ್ಧನಾಗಿಯೇ ಇದ್ದೆ. ಅದು ಬರಲಿಲ್ಲ.

ನಮ್ಮ ಮನೆಯಲ್ಲಿ ಆ ಪ್ರಶ್ನೆಯೇ ಮೊದಲು. ಗೋತ್ರ ತಿಳಿಯದೆ ಯಾರಿಗೂ ಮಣೆ ಹಾಕುತ್ತಿರಲಿಲ್ಲ. ಮಾಧ್ವರ ಮನೆ, ಅಜ್ಜಿಯ ಮಡಿಯೆಂದರೆ ಬೀದಿಗೆಲ್ಲ ಹೆಸರು. ಸ್ಮಾರ್ತರ ಮನೆಯ ಹಾಲು ಹಣ್ಣು ಆದೀತು, ಅನ್ನ ಆಗದು. ಹಣೆಗೆ ಅಂಗಾರ, ಅಕ್ಷತೆ. ವಿಭೂತಿಯ ಮಾತೇ ಇಲ್ಲ. ದಶಮಿ ಒಪ್ಪೊತ್ತು, ಏಕಾದಶಿ ನಿರಾಹಾರ, ದ್ವಾದಶಿ ನಸುಕಿನಲ್ಲಿ ಪಾರಣೆ. ಆಷಾಢದ ಪ್ರಥಮ ಏಕಾದಶಿಯಂದು ಮಠದ ಮುಂದೆ ಸಾಲು ನಿಂತು, ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖ ಚಕ್ರಗಳನ್ನು ತೋಳಿಗೆ ಒತ್ತಿಸಿಕೊಳ್ಳುತ್ತಿದ್ದೆವು. ಚುರ್ ಎನ್ನುತ್ತಿತ್ತು, ಸುಟ್ಟ ರೋಮದ ವಾಸನೆ ಬರುತ್ತಿತ್ತು. ಆ ಉರಿ ಹಿತವಾಗಿತ್ತು ಎಂದರೆ ಈಗಿನವರು ನಂಬಲಿಕ್ಕಿಲ್ಲ. ದೇವರು ನನ್ನ ಮೇಲೆ ರುಜು ಹಾಕಿದ ಎಂದೇ ಅನ್ನಿಸುತ್ತಿತ್ತು. ಸಂಜೆಯ ಪಾಠದಲ್ಲಿ ಪಂಚಭೇದ ಬಾಯಿಪಾಠ. ಜೀವ ಬೇರೆ, ಈಶ್ವರ ಬೇರೆ. ಜಡ ಬೇರೆ, ಈಶ್ವರ ಬೇರೆ. ಜೀವಕ್ಕೂ ಜಡಕ್ಕೂ ಭೇದ, ಜೀವ ಜೀವಕ್ಕೆ ಭೇದ, ಜಡ ಜಡಕ್ಕೂ ಭೇದ. ಸಿದ್ಧಾಂತವಾಗಿ ಅದರ ಮೇಲೆ ನನಗೆ ಇಂದಿಗೂ ಗೌರವವಿದೆ. ಕಣ್ಣೆದುರಿನ ಜಗತ್ತು ಸುಳ್ಳಲ್ಲ ಎಂದು ಗಟ್ಟಿಯಾಗಿ ಹೇಳುವ ಎದೆಗಾರಿಕೆ ಅದಕ್ಕಿದೆ. ಆದರೆ ಜಗುಲಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಐದು ಭೇದ ಐವತ್ತಾಗಿರುತ್ತಿತ್ತು.

ಇದೆಲ್ಲ ಒಂದೇ ದಿನ ಸಡಿಲಾದದ್ದಲ್ಲ. ಹಾಸ್ಟೆಲ್ ಊಟ, ಸಿ. ಅಶ್ವಥ್ ಹಾಡಿದ ಶಿಶುನಾಳ ಶರೀಫರ ಹಾಡುಗಳ ಕ್ಯಾಸೆಟ್ಟು, ಆಮೇಲೆ ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳ ಮೇಲೆ ಬರೆದ ಪುಸ್ತಕ. ಮೊದಲು ಸಿಟ್ಟು ಬಂತು. ಜನಿವಾರವೂ ಸೇರಿ ಎಲ್ಲ ತೆಗೆದಿಟ್ಟೆ. ಸಿಟ್ಟು ಇಳಿದ ಮೇಲೆ ಮತ್ತೆ ದೇವರು ಬೇಕೆನ್ನಿಸಿತು. ಯಾರ ಮನೆಯ ದೇವರು ಎಂಬುದಷ್ಟೇ ಇತ್ಯರ್ಥವಾಗಿರಲಿಲ್ಲ.

ಶಿಶುನಾಳದಲ್ಲಿ ಶರೀಫರ ಗದ್ದುಗೆಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಇಂಥ ಇತ್ಯರ್ಥಗಳಿಗೆ ಯಾರಿಗೂ ಪುರಸೊತ್ತಿಲ್ಲ ಎಂದು ಗೊತ್ತಾಗುತ್ತದೆ. ತಲೆಮೇಲೆ ಸೆರಗು ಹೊದ್ದ ಮುಸ್ಲಿಂ ಹೆಂಗಸೊಬ್ಬಳು ಸಕ್ಕರೆ ಪೊಟ್ಟಣ ಬಿಚ್ಚಿ ಫಾತಿಹಾ ಓದಿಸುತ್ತಿದ್ದಳು. ಲೋಬಾನದ ಹೊಗೆ. ಅವಳ ಬೆನ್ನಿಗೇ, ಹಣೆತುಂಬ ವಿಭೂತಿ ಬಳಿದ ರೈತನೊಬ್ಬ ಕಾಯಿ ಒಡೆದ. ನೀರು ಚಿಮ್ಮಿ ಸಕ್ಕರೆಯ ಮೇಲೆ ಬಿತ್ತು. ನನ್ನ ಜೀವ ಝಲ್ಲೆಂದಿತು. ನಮ್ಮ ಅಜ್ಜಿಯಾಗಿದ್ದರೆ ಮತ್ತೆ ಸ್ನಾನ, ಮತ್ತೆ ಸಕ್ಕರೆ. ಆಕೆ ಪೊಟ್ಟಣದೊಳಗೆ ಇಣುಕಿ ನೋಡಿ, "ಇರ್ಲಿ ಬಿಡ್ರಿ, ಪಾನಕ ಆತು" ಎಂದಳು. ರೈತ ನಕ್ಕ. ಒದ್ದೆ ಸಕ್ಕರೆ, ಕಾಯಿ ಹೋಳು ಎರಡೂ ನನ್ನ ಅಂಗೈಗೆ ಬಂದವು. ಕೂತಿದ್ದ ಮುದುಕರೊಬ್ಬರು ಕೇಳದೆಯೇ ಹಣೆಗೆ ಊದಿ ಹಚ್ಚಿದರು. ಬೂದಿ ಸೋಕಿದ್ದು ನನ್ನ ಹಣೆಗೆ ಅದೇ ಮೊದಲು. ತಣ್ಣಗಿತ್ತು.

ಶರೀಫರು ಹುಟ್ಟಿದ್ದು 1819ರಲ್ಲಿ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಕಳಸದ ಗೋವಿಂದ ಭಟ್ಟರು ಹುಡುಗನನ್ನು ಪರೀಕ್ಷಿಸಲು ನಿನ್ನಪ್ಪ ಯಾರು ಎಂದಾಗ, ನಿಮ್ಮಪ್ಪ ಯಾರೋ ಅವನೇ ಎಂದನಂತೆ. ಈ ಕತೆ ಕನ್ನಡಿಗರಿಗೆಲ್ಲ ಗೊತ್ತು. 1990ರ ನಾಗಾಭರಣರ ಸಿನಿಮಾದಲ್ಲಿ ಭಟ್ಟರಾಗಿ ಗಿರೀಶ ಕಾರ್ನಾಡರನ್ನೂ ಎಲ್ಲರೂ ನೋಡಿದ್ದಾರೆ. ನನಗೆ ಶಿಷ್ಯನಿಗಿಂತ ಗುರುವೇ ದೊಡ್ಡ ಸೋಜಿಗ. ಆ ಕಾಲದ ಹಳ್ಳಿಯೊಂದರ ಬ್ರಾಹ್ಮಣ, ಊರವರ ಬೈಗುಳ ಕೇಳಿಸಿಕೊಂಡು, ತುರುಕರ ಹುಡುಗನನ್ನು ಮನೆಯೊಳಗೆ ಕರೆದು ಜನಿವಾರ ಹಾಕುವುದೆಂದರೆ! ಶಿಷ್ಯ ಹೊಸಿಲು ದಾಟಿ ಒಳಗೆ ಬಂದ. ಭಟ್ಟರು ತಮ್ಮ ಹೊಸಿಲನ್ನೇ ಕಿತ್ತು ಹಾಕಬೇಕಾಯಿತು. 1889ರಲ್ಲಿ ಶರೀಫರು ತೀರಿಕೊಂಡಾಗ ಎರಡೂ ಕಡೆಯವರು ತಮ್ಮ ತಮ್ಮ ವಿಧಿಯಿಂದ ಸಂಸ್ಕಾರ ಮಾಡಿದರೆಂದು ಇಲ್ಲಿಯವರು ಹೇಳುತ್ತಾರೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಬೆರಗೇನೂ ಇಲ್ಲ. ಬೆರಗೆಲ್ಲ ನನ್ನದೇ.

ಲಕ್ಷ್ಮೇಶ್ವರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಳೆಯ ಪುಲಿಗೆರೆ ಇದು. ಸೋಮೇಶ್ವರನ ಗುಡಿಯಲ್ಲಿ ನಂದಿಯೇರಿದ ಶಿವಪಾರ್ವತಿ, ಜೈನರ ಶಂಖಬಸದಿ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ, ಎಲ್ಲ ಒಂದೇ ಊರಲ್ಲಿ. ಹಾಗೆಂದು ಇಲ್ಲಿ ಸದಾ ಹಾಲು ಜೇನು ಹರಿದಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಸೌರಾಷ್ಟ್ರದಿಂದ ಸೋಮನಾಥನನ್ನು ತಂದ ಶಿವಶರಣ ಆದಯ್ಯನ ಕತೆಯಲ್ಲಿ ಜೈನರೊಂದಿಗಿನ ಜಗಳ ಧಾರಾಳವಾಗಿಯೇ ಇದೆ. ಹೊಡೆದಾಡಿದ ಊರೇ ಆಮೇಲೆ ಒಟ್ಟಿಗೆ ಸಂತೆ ಮಾಡಿದ್ದು.

ಅಲ್ಲಿಂದ ಶಿರಹಟ್ಟಿ. ಫಕೀರೇಶ್ವರ ಮಠದ ಕತೆ ಶುರುವಾಗುವುದು ವಿಜಾಪುರದಲ್ಲಿ. ಮಕ್ಕಳಿಲ್ಲದ ಜಂಗಮ ದಂಪತಿಗೆ ಸೂಫಿ ಖ್ವಾಜಾ ಅಮೀನುದ್ದೀನರು ಹರಸಿದರಂತೆ, ಮೊದಲ ಮಗುವನ್ನು ತಮಗೆ ಕೊಡಬೇಕೆಂಬ ಕರಾರಿನ ಮೇಲೆ. ಹಾಗೆ ಬೆಳೆದವನೇ ಫಕೀರ ಚನ್ನವೀರ. ವೀರಶೈವ ಮಠ, ಪಟ್ಟಕ್ಕೆ ಬರುವ ಸ್ವಾಮಿಗಳ ಹೆಸರಿನ ಮುಂದೆ ಇಂದಿಗೂ ಫಕೀರ. 'ದ್ವೇಷ ಬಿಡು, ಪ್ರೀತಿ ಮಾಡು' ಎಂಬುದು ಮಠದ ಮಾತು.

ಇದನ್ನು ಕೇಳುತ್ತ ಕೂತಾಗ ಮಂತ್ರಾಲಯ ನೆನಪಾಯಿತು. ಅಲ್ಲಿ ರಾಘವೇಂದ್ರ ರಾಯರು ವೃಂದಾವನಸ್ಥರಾದದ್ದು 1671ರಲ್ಲಿ, ಅಮೀನುದ್ದೀನರು ತೀರಿಕೊಂಡದ್ದು 1675ರಲ್ಲಿ. ಒಂದೇ ಕಾಲ, ಆ ಸೀಮೆಯೂ ವಿಜಾಪುರದವರದೇ. ಮಂಚಾಲೆ ಗ್ರಾಮವನ್ನು ರಾಯರಿಗೆ ಬಿಟ್ಟುಕೊಟ್ಟವನು ಆದವಾನಿಯ ಸಿದ್ದಿ ಮಸೂದ್ ಖಾನ್. ಅವನು ರಾಯರ ಮುಂದಿಟ್ಟ ತಟ್ಟೆಯ ಮಾಂಸ ಹಣ್ಣಾದ ಮಹಿಮೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದಳೋ! ಕೊಟ್ಟವನ ಹೆಸರನ್ನು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ನವಾಬ ಅಂದರೆ ನವಾಬ, ಅಷ್ಟೇ. ನಮ್ಮ ರಾಯರು ಕೂತಿರುವುದೇ ಒಬ್ಬ ಸಾಬರು ಕೊಟ್ಟ ನೆಲದ ಮೇಲೆ ಎಂದು ತಿಳಿಯಲು ನಾನು ಇಷ್ಟು ದೂರ ಬರಬೇಕಿತ್ತೇ?

ಮಧ್ಯಾಹ್ನ ಪ್ರಸಾದಕ್ಕೆ ಕೂರಿಸಿದರು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಎಡಕ್ಕೆ ಟೋಪಿ ಹಾಕಿದ ಹುಡುಗ, ಬಲಕ್ಕೆ ಲಿಂಗ ಕಟ್ಟಿದ ಅಜ್ಜಿ. ಹುಗ್ಗಿಗೆ ತುಪ್ಪ ಬೀಳುವವರೆಗೆ ಯಾರೂ ಕೈ ಹಚ್ಚಲಿಲ್ಲ, ಅದೊಂದೇ ಅಲ್ಲಿನ ಶಿಸ್ತು.

ಗದಗಿನ ಬಸ್ಸಿನಲ್ಲಿರುವಾಗ ಅಮ್ಮನ ಫೋನು.

"ಊಟ ಆಯ್ತೇನೋ?"

"ಆಯ್ತಮ್ಮ, ಮಠದಲ್ಲೇ."

"ರಾಯರ ಮಠಾನಾ?"

"ಅಲ್ಲ. ಫಕೀರೇಶ್ವರ ಮಠ."

"ಹ್ಞೂ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಸಾರಿಗೆ ಬೆಳ್ಳುಳ್ಳಿ ಹಾಕಿದ್ರಾ?"

"ಹಾಕಿದ್ರು. ಎರಡು ಸಲ ಹಾಕಿಸ್ಕೊಂಡೆ."

"ಆಗ್ಲಿ ಬಿಡು. ಇವತ್ತು ದಶಮಿ, ರಾತ್ರಿ ಏನೂ ತಿನ್ಬೇಡ."

ತಿನ್ನಲಿಲ್ಲ. ಗದಗಿನ ಬಸ್ ಸ್ಟ್ಯಾಂಡಿನ ಎದುರು ಆಗತಾನೆ ಎಣ್ಣೆಗೆ ಬಿಟ್ಟ ಮಿರ್ಚಿ ಬಜ್ಜಿಯನ್ನು ದಾಟಿ ರೈಲಿಗೆ ಹೋಗುವುದು ಮಾತ್ರ ಸುಲಭವಾಗಿರಲಿಲ್ಲ.